ಐಟಿ ಇಂಟರ್ನ್‌ಶಿಪ್: ದಾವಣಗೆರೆಯಲ್ಲೇ ಇದ್ದು ಕೆಲಸ ಕಲಿಯುವುದು ಹೇಗೆ

ಎಂಟನೇ ಸೆಮ್ ಹತ್ತಿರ ಬಂತು ಅಂದರೆ ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್, ಹದಡಿ ರಸ್ತೆಯ ಪಿಜಿಗಳಲ್ಲೆಲ್ಲ ಒಂದೇ ಮಾತು. "ನಿಂಗೆ ಇಂಟರ್ನ್‌ಶಿಪ್ ಸಿಕ್ತಾ?" ಯಾವ ಕಂಪನಿ ಅಂತ ಕೇಳುತ್ತಾರೆ, ಸ್ಟೈಪೆಂಡ್ ಎಷ್ಟು ಅಂತ ಕೇಳುತ್ತಾರೆ, ಸರ್ಟಿಫಿಕೇಟ್ ಕೊಡ್ತಾರಾ ಅಂತ ಕೇಳುತ್ತಾರೆ. ಅಲ್ಲಿ ನಿನ್ನ ಕೆಲಸ ನೋಡಿ ತಿದ್ದೋರು ಯಾರು ಅಂತ ಮಾತ್ರ ಯಾರೂ ಕೇಳಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ನಾನು ಇಲ್ಲೇ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯ ಹುಡುಗ ಹುಡುಗಿಯರು ಪ್ರತಿ ವರ್ಷ ನಮ್ಮಲ್ಲಿಗೆ ಬರುತ್ತಾರೆ. ಒಂದೇ ಕಾಲೇಜು, ಒಂದೇ ಮಾರ್ಕ್ಸ್, ಒಂದೇ ಸಿಲಬಸ್ ಇರುವ ಇಬ್ಬರು ಬಂದು, ನಾಲ್ಕು ತಿಂಗಳಾದ ಮೇಲೆ ಒಬ್ಬರು ಕೆಲಸಕ್ಕೆ ರೆಡಿಯಾಗಿರುತ್ತಾರೆ, ಇನ್ನೊಬ್ಬರ ಕೈಯಲ್ಲಿ ಬರೀ ಒಂದು ಕಾಗದ ಇರುತ್ತದೆ. ಬುದ್ಧಿವಂತಿಕೆಯಲ್ಲಿ ವ್ಯತ್ಯಾಸ ಇರಲ್ಲ. ಕೆಲಸ ನೋಡಿ ತಿದ್ದುವವರ, ಅಂದರೆ ಮೆಂಟರ್ ಜೊತೆ ಹೇಗೆ ಕೆಲಸ ಮಾಡಬೇಕು ಅನ್ನೋದು ಒಬ್ಬರಿಗೆ ಗೊತ್ತಾಗಿರುತ್ತದೆ, ಇನ್ನೊಬ್ಬರಿಗೆ ಅದನ್ನು ಯಾರೂ ಹೇಳಿಯೇ ಇರಲ್ಲ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ನಿಯಮ ತಿಳ್ಕೊಳ್ಳಿ

ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆ. ಅಂದರೆ ಹೆಚ್ಚು ಕಡಿಮೆ ಮೂರರಿಂದ ನಾಲ್ಕೂವರೆ ತಿಂಗಳು. ಇದು ಸಣ್ಣ ಅವಧಿ ಅಲ್ಲ. ಕಾಲೇಜು ಕಡೆಯಿಂದ ಒಬ್ಬ ಇಂಟರ್ನಲ್ ಗೈಡ್, ಕಂಪನಿ ಕಡೆಯಿಂದ ಒಬ್ಬ ಎಕ್ಸ್‌ಟರ್ನಲ್ ಗೈಡ್ ಇರುತ್ತಾರೆ. ಎಕ್ಸ್‌ಟರ್ನಲ್ ಗೈಡ್ ಅಂದರೆ ಸಹಿ ಹಾಕುವವರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅವರೇ ನಿಮ್ಮ ಮೆಂಟರ್. ಸ್ವಾಯತ್ತ ಕಾಲೇಜಾದರೆ ವಾರದ ಲೆಕ್ಕ, ಮಾರ್ಕ್ಸ್ ಹಂಚಿಕೆ ಬೇರೆ ಇರಬಹುದು. ಡಿಪ್ಲೊಮಾದವರ ನಿಯಮವೂ ಬೇರೆ. ಕೋಆರ್ಡಿನೇಟರ್ ಹತ್ತಿರ ಹೋಗಿ ಎಷ್ಟು ವಾರ, ಯಾವ ಫಾರ್ಮ್, ಡೈರಿ ಯಾವ ರೀತಿ ಬರೀಬೇಕು ಅಂತ ಮೊದಲೇ ಬರೆಸಿಕೊಂಡು ಬನ್ನಿ.

ಓದು ಮುಗಿದಿದ್ದರೆ ಅಪ್ರೆಂಟಿಸ್‌ಶಿಪ್ ನೋಡಿ. ಇದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆಯ ಬಲ ಇದೆ, ಒಪ್ಪಂದ ಆಗುತ್ತದೆ, ಸ್ಟೈಪೆಂಡ್ ಕೊಡಲೇಬೇಕು. ಕೇಂದ್ರ ಶಿಕ್ಷಣ ಸಚಿವಾಲಯದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ನೋಂದಣಿ ಮಾಡಬೇಕು, ದುಡ್ಡು ಕಟ್ಟುವ ಹಾಗಿಲ್ಲ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಅಂತ ಇಟ್ಟರು. ಸೇರುವ ದಿನ ಎಷ್ಟಿದೆ ಅಂತ ಪೋರ್ಟಲ್‌ನಲ್ಲೇ ನೋಡ್ಕೊಳ್ಳಿ. ನಮ್ಮ ಕಡೆಯ ಸಣ್ಣ ಕಂಪನಿಗಳ ಎಷ್ಟೋ ಮಾಲೀಕರಿಗೆ ಈ ಸ್ಟೈಪೆಂಡ್‌ನಲ್ಲಿ ಒಂದು ಭಾಗ ಸರ್ಕಾರದಿಂದ ವಾಪಸ್ ಬರುತ್ತದೆ ಅನ್ನೋದೇ ಗೊತ್ತಿಲ್ಲ. ಕೇಳೋಕೆ ಹೋದಾಗ ನೀವೇ ಹೇಳಿ. ಅದೇ ಕಾರಣಕ್ಕೆ "ಸರಿ, ಬಾ" ಅಂದವರು ಇದ್ದಾರೆ.

2024ರ ಅಕ್ಟೋಬರ್‌ನಲ್ಲಿ ಪೈಲಟ್ ಆಗಿ ಶುರುವಾದ ಪಿಎಂ ಇಂಟರ್ನ್‌ಶಿಪ್ ಯೋಜನೆಯೂ ಇದೆ. ಶುರುವಿನ ನಿಯಮದ ಪ್ರಕಾರ ಅದು 12 ತಿಂಗಳದ್ದು, 21ರಿಂದ 24 ವರ್ಷದವರಿಗೆ, ರೆಗ್ಯುಲರ್ ಕಾಲೇಜಿನಲ್ಲಿ ಓದುತ್ತಿರುವವರಿಗೆ ಅಲ್ಲ.

ಎಲ್ಲಿ ಹುಡುಕೋದು

ಎಲ್ಲರ ಕಣ್ಣೂ ಬೆಂಗಳೂರಿನ ಮೇಲೆ. ತಪ್ಪೇನಿಲ್ಲ. ಆದರೆ ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ ಸುಮಾರು 200. ವಂದೇ ಭಾರತ್ ಬಂದಿದೆ ಅಂತ ದಿನಾ ಓಡಾಡೋಕೆ ಆಗಲ್ಲ. ಅಲ್ಲೇ ಪಿಜಿ ಮಾಡಬೇಕು, ಊಟ, ಬಸ್ಸು ಎಲ್ಲ ಸೇರಿ ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಆದರೆ ಮನೆಯವರಿಗೆ ದೊಡ್ಡ ಭಾರ. ದೊಡ್ಡ ಕಂಪನಿಯ ಹೆಸರಿಗೋಸ್ಕರ ಅಷ್ಟು ದುಡ್ಡು ಹಾಕಿ, ಅಲ್ಲಿ ಐವತ್ತು ಜನರ ಬ್ಯಾಚಿನಲ್ಲಿ ಕೂತು ರೆಕಾರ್ಡೆಡ್ ವಿಡಿಯೊ ನೋಡಿ ಬರೋದಾದರೆ ಅದು ಇಂಟರ್ನ್‌ಶಿಪ್ ಅಲ್ಲ, ಕೋಚಿಂಗ್.

ನಮ್ಮೂರಲ್ಲಿ ಐಟಿ ಕೆಲಸ ಇಲ್ಲ ಅನ್ನೋರಿಗೆ ಸುತ್ತ ನೋಡಿ ಅಂತೀನಿ. ಎಪಿಎಂಸಿ ಯಾರ್ಡಿನ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬೇಕು. ಆಸ್ಪತ್ರೆಗಳು, ಲ್ಯಾಬ್‌ಗಳು, ಮೆಡಿಕಲ್ ಕಾಲೇಜುಗಳು ಇಷ್ಟೊಂದು ಇರುವ ಊರಲ್ಲಿ ರಿಪೋರ್ಟು, ಅಪಾಯಿಂಟ್‌ಮೆಂಟು, ಸ್ಟಾಕು ಎಲ್ಲ ಕಂಪ್ಯೂಟರಿನಲ್ಲೇ ಇದೆ. ಸೌಹಾರ್ದ ಸಹಕಾರಿಗಳು, ರೈಸ್ ಮಿಲ್ಲುಗಳು, ಚಳ್ಳಕೆರೆಯ ಎಣ್ಣೆ ಮಿಲ್ಲುಗಳು, ಶಾಲೆಗಳು, ಇವರಿಗೆಲ್ಲ ಯಾರೋ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದಾರೆ, ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಾರೆ ಅಲ್ವಾ? ನಿಮ್ಮ ಪರಿಚಯದ ಅಂಗಡಿಗೆ ಹೋಗಿ, ಬಿಲ್ಲಿನ ಕೆಳಗೆ ಸಾಫ್ಟ್‌ವೇರ್ ಕಂಪನಿಯ ಹೆಸರು, ನಂಬರ್ ಇರುತ್ತದೆ, ಬರೆದುಕೊಳ್ಳಿ. ಅಂಗಡಿಯವರನ್ನೇ ಕೇಳಿ, "ಪ್ರಾಬ್ಲಮ್ ಬಂದ್ರೆ ಯಾರಿಗೆ ಫೋನ್ ಮಾಡ್ತೀರಿ?" ಅಂತ. ಆ ಹೆಸರು ಯಾವ ಜಾಬ್ ಸೈಟಿನಲ್ಲೂ ಸಿಗಲ್ಲ.

ಮೂರು ಜನ, ಐದು ಜನ ಇರುವ ಆಫೀಸನ್ನು ಕೀಳಾಗಿ ನೋಡಬೇಡಿ. ಅಲ್ಲಿ ಮೆಂಟರ್ ನಿಮ್ಮ ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ.

ಇನ್ನೊಂದು ದಾರಿ ಮನೆಯಿಂದಲೇ. ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಪ್ರಾಜೆಕ್ಟುಗಳಲ್ಲಿ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. 2022ರಿಂದ ವಿದ್ಯಾರ್ಥಿಗಳೇ ಆಗಿರಬೇಕು ಅನ್ನುವ ಷರತ್ತನ್ನೂ ತೆಗೆದರು, 18 ತುಂಬಿದ ಹೊಸಬರು ಅರ್ಜಿ ಹಾಕಬಹುದು. ಪ್ರತಿ ಪ್ರಾಜೆಕ್ಟಿಗೂ ಮೆಂಟರ್ ಇರುತ್ತಾರೆ, ಸ್ಟೈಪೆಂಡ್ ಇದೆ. ಔಟ್‌ರೀಚಿ ಅನ್ನೋದು ಮೂರು ತಿಂಗಳ ರಿಮೋಟ್ ಇಂಟರ್ನ್‌ಶಿಪ್, ತಂತ್ರಜ್ಞಾನ ಕ್ಷೇತ್ರದಲ್ಲಿ ಅವಕಾಶ ಕಡಿಮೆ ಸಿಗುವವರಿಗೋಸ್ಕರವೇ ಮಾಡಿದ್ದು. ಎರಡರಲ್ಲೂ ಸ್ಪರ್ಧೆ ಜಾಸ್ತಿ. ಅರ್ಜಿ ಹಾಕುವ ಎರಡು ಮೂರು ತಿಂಗಳ ಮುಂಚೆಯೇ ಆ ಪ್ರಾಜೆಕ್ಟಿನ ಸಣ್ಣ ಬಗ್‌ಗಳನ್ನು ಸರಿ ಮಾಡಿ ಕಳಿಸುತ್ತಾ ಇದ್ದವರಿಗೆ ಸಿಗುವ ಸಾಧ್ಯತೆ ಹೆಚ್ಚು. ಆಯ್ಕೆ ಆಗದಿದ್ದರೂ ಆ ಎರಡು ತಿಂಗಳ ಕೆಲಸ ನಿಮ್ಮ ಹೆಸರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಉಳಿಯುತ್ತದೆ. ಕಾಲೇಜು ಇದನ್ನು ಇಂಟರ್ನ್‌ಶಿಪ್ ಅಂತ ಒಪ್ಪುತ್ತದಾ ಅನ್ನೋದನ್ನು ಮಾತ್ರ ಮೊದಲೇ ಕೇಳಿ.

ಸೇರುವ ಮುಂಚೆ ಇದನ್ನೆಲ್ಲ ಕೇಳಿ

ಫೋನಲ್ಲಿ ಬೇಡ, ಆಫೀಸಿಗೇ ಹೋಗಿ. ಕೇಳೋಕೆ ಸಂಕೋಚ ಬೇಡ, ಒಳ್ಳೆಯ ಕಡೆ ಈ ಪ್ರಶ್ನೆ ಕೇಳಿದರೆ ಖುಷಿಯಾಗುತ್ತಾರೆ.

ನನ್ನ ಮೆಂಟರ್ ಯಾರು, ಅವರನ್ನು ಈಗ ಭೇಟಿ ಮಾಡಬಹುದಾ? ವಾರದಲ್ಲಿ ನನಗೆ ಎಷ್ಟು ಹೊತ್ತು ಕೊಡೋಕೆ ಆಗುತ್ತದೆ? ನಾನು ಬರೆದ ಕೋಡನ್ನು ಯಾರಾದರೂ ಓದುತ್ತಾರಾ? ಹಿಂದಿನ ಸಲ ಬಂದಿದ್ದ ಇಂಟರ್ನ್ ಏನು ಕೆಲಸ ಮಾಡಿದರು, ಅವರ ಜೊತೆ ಒಂದ್ಸಲ ಮಾತಾಡಬಹುದಾ? ನಾನು ಮಾಡಿದ್ದು ನಿಜವಾದ ಗ್ರಾಹಕರಿಗೆ ಹೋಗುತ್ತದಾ, ಇಲ್ಲಾ ಡಮ್ಮಿ ಪ್ರಾಜೆಕ್ಟಾ?

ಹಿಂದಿನ ಇಂಟರ್ನ್ ಜೊತೆ ಮಾತಾಡೋದು ಇದರಲ್ಲಿ ಎಲ್ಲಕ್ಕಿಂತ ಮುಖ್ಯ. ಹತ್ತು ನಿಮಿಷದ ಫೋನಿನಲ್ಲಿ ನಿಮಗೆ ಸತ್ಯ ಗೊತ್ತಾಗುತ್ತದೆ.

ದುಡ್ಡು ಕೇಳಿದರೆ ಎದ್ದು ಬನ್ನಿ. "ರಿಜಿಸ್ಟ್ರೇಷನ್ ಫೀ", "ಟ್ರೈನಿಂಗ್ ಕಿಟ್", "ಲ್ಯಾಪ್‌ಟಾಪ್ ಡೆಪಾಸಿಟ್", ಹೆಸರು ಏನೇ ಇರಲಿ. ದುಡ್ಡು ಕೊಟ್ಟು ಕಲಿಯೋದು ಕೋರ್ಸು, ಅದು ತಪ್ಪಲ್ಲ, ಆದರೆ ಅದನ್ನು ಇಂಟರ್ನ್‌ಶಿಪ್ ಅಂತ ಮಾರುವುದು ಮೋಸ. ಕಂಪನಿ ಪ್ರೈವೇಟ್ ಲಿಮಿಟೆಡ್ ಅಂತ ಹೇಳಿಕೊಂಡರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ, ನೋಂದಣಿ ಆಗಿದ್ದರೆ ಅಲ್ಲಿ ಇರಲೇಬೇಕು. ಒಬ್ಬರೇ ಮಾಲೀಕರ ಸಣ್ಣ ಅಂಗಡಿಯಾದರೆ ಅಲ್ಲಿ ಸಿಗಲ್ಲ, ಜಿಎಸ್‌ಟಿ ನಂಬರ್ ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡಬಹುದು. ಆನ್‌ಲೈನ್‌ನಲ್ಲಿ ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆ ಪಟ್ಟುಕೊಂಡು ಸುಮ್ನೆ ಕೂತಷ್ಟೂ ದುಡ್ಡು ವಾಪಸ್ ಬರುವ ದಾರಿ ಮುಚ್ಚುತ್ತಾ ಹೋಗುತ್ತದೆ.

ಹೋಗುವ ಮುಂಚಿನ ತಯಾರಿ

ಹೊಸ ಫ್ರೇಮ್‌ವರ್ಕ್ ಕಲಿಯೋಕೆ ಹೋಗಬೇಡಿ. ಅಲ್ಲಿ ಏನು ಬಳಸುತ್ತಾರೋ ಅದನ್ನು ಅಲ್ಲೇ ಕಲಿಸುತ್ತಾರೆ. ಎಲ್ಲ ಕಡೆ ಬೇಕಾಗುವುದು ಮೂರೇ. ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಟೂಲ್), ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಟರ್ಮಿನಲ್ (ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ). ಗಿಟ್‌ನಲ್ಲಿ ಕ್ಲೋನ್, ಬ್ರಾಂಚ್, ಕಮಿಟ್, ಪುಶ್, ಪುಲ್ ಇಷ್ಟು ಬಂದರೆ ಸಾಕು. ಇಬ್ಬರು ಸ್ನೇಹಿತರು ಸೇರಿ ಒಂದೇ ಫೈಲಿನ ಒಂದೇ ಸಾಲನ್ನು ಬೇಕಂತಲೇ ಬೇರೆ ಬೇರೆಯಾಗಿ ಬದಲಿಸಿ, ಮರ್ಜ್ ಕಾನ್ಫ್ಲಿಕ್ಟ್ ಬರಿಸಿ, ಅದನ್ನು ಬಿಡಿಸಿ ನೋಡಿ. ಮನೆಯಲ್ಲಿ ಒಂದ್ಸಲ ಬಿಡಿಸಿದವರು ಆಫೀಸಿನಲ್ಲಿ ಗಾಬರಿಯಾಗಲ್ಲ. ಎಸ್‌ಕ್ಯೂಎಲ್‌ನಲ್ಲಿ ಜಾಯಿನ್ ಮತ್ತು ಗ್ರೂಪ್ ಬೈ ಕೈಗೆ ಬರಬೇಕು. ಲ್ಯಾಬ್ ಎಕ್ಸಾಮ್‌ಗೆ ಬಾಯಿಪಾಠ ಮಾಡಿದ್ದು ಲೆಕ್ಕಕ್ಕಿಲ್ಲ.

ಮೊದಲ ವಾರ

ಮೊದಲ ವಾರ ಕೋಡ್ ಬರೆಯೋಕೆ ಅವಸರ ಬೇಡ. ಪ್ರಾಜೆಕ್ಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ರನ್ ಆಗಬೇಕು, ಅದೇ ಮೊದಲ ಕೆಲಸ. ರನ್ ಮಾಡುವಾಗ ಏನೇನು ಇನ್‌ಸ್ಟಾಲ್ ಮಾಡಿದಿರಿ, ಎಲ್ಲಿ ಎರರ್ ಬಂತು, ಹೇಗೆ ಸರಿ ಹೋಯಿತು, ಎಲ್ಲ ಒಂದು ಫೈಲಿನಲ್ಲಿ ಬರೆದಿಡಿ. ವಾರದ ಕೊನೆಗೆ ಅದನ್ನು ಚೊಕ್ಕ ಮಾಡಿ ಮೆಂಟರ್‌ಗೆ ಕೊಡಿ, "ಮುಂದೆ ಬರೋರಿಗೆ ಉಪಯೋಗ ಆಗಬಹುದು" ಅಂತ ಹೇಳಿ. ನಮ್ಮಂಥ ಸಣ್ಣ ಆಫೀಸಿನಲ್ಲಿ ಇದನ್ನು ಬರೆದಿಡೋಕೆ ಯಾರಿಗೂ ಪುರುಸೊತ್ತು ಇರಲ್ಲ. ನಿಮ್ಮ ಮೊದಲ ನಿಜವಾದ ಕೊಡುಗೆ ಇದೇ ಆಗುತ್ತದೆ, ಮತ್ತು ಇದನ್ನು ಮಾಡಿದ ಇಂಟರ್ನ್‌ಗೆ ಎರಡನೇ ವಾರ ಒಳ್ಳೆ ಕೆಲಸ ಸಿಗುತ್ತದೆ.

ಪ್ರಶ್ನೆ ಕೇಳುವ ರೀತಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಮಕ್ಕಳಿಗೆ ಶಾಲೆಯಿಂದಲೂ ಪ್ರಶ್ನೆ ಕೇಳಿದರೆ ಬೈಸಿಕೊಳ್ಳುವ ಅಭ್ಯಾಸ. ಹಾಗಾಗಿ ಇಂಟರ್ನ್‌ಶಿಪ್‌ಗೆ ಬಂದವರಲ್ಲಿ ಅರ್ಧ ಜನ ಎರಡು ದಿನ ಸ್ಕ್ರೀನ್ ನೋಡುತ್ತಾ ಕೂರುತ್ತಾರೆ, ಕೇಳಲ್ಲ. ಇನ್ನರ್ಧ ಜನ ಐದು ನಿಮಿಷಕ್ಕೊಮ್ಮೆ "ಸರ್, ರನ್ ಆಗ್ತಾ ಇಲ್ಲ" ಅಂತ ವಾಟ್ಸಾಪ್ ಮಾಡುತ್ತಾರೆ. ಎರಡರಿಂದಲೂ ಕಲಿಕೆ ಆಗಲ್ಲ.

ಒಂದು ಕಡೆ ಸಿಕ್ಕಿಹಾಕಿಕೊಂಡರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ನೀವೇ ಒದ್ದಾಡಿ. ಅಷ್ಟರಲ್ಲಿ ದಾರಿ ಕಾಣದಿದ್ದರೆ ಕೇಳಿ. ಆದರೆ ಹೀಗೆ ಕೇಳಿ (ಇದು ಎಪಿಎಂಸಿ ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಉದಾಹರಣೆ, ಪಟ್ಟಿ ಅಂದರೆ ರೈತರಿಗೆ ಕೊಡುವ ಲೆಕ್ಕದ ಚೀಟಿ):

"ಸರ್, ಪಟ್ಟಿ ಪ್ರಿಂಟ್ ಮಾಡುವಾಗ ರೈತರ ಕನ್ನಡ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರ್ತಿದೆ. ಪ್ರಿಂಟ್ ಸಮಸ್ಯೆ ಇರಬಹುದು ಅಂತ ಡೇಟಾಬೇಸ್ ತೆಗೆದು ನೋಡಿದೆ, ಅಲ್ಲೂ ಹಾಗೇ ಇದೆ. ಅಂದ್ರೆ ಸೇವ್ ಆಗುವಾಗಲೇ ಅಕ್ಷರ ಹೋಗ್ತಿದೆ. ಆ ಟೇಬಲ್ ಲ್ಯಾಟಿನ್1ನಲ್ಲಿದೆ, ಬೇರೆ ಟೇಬಲ್‌ಗಳು ಯುಟಿಎಫ್8ಎಂಬಿ4ನಲ್ಲಿವೆ. ಇದನ್ನೂ ಹಾಗೆ ಬದಲಿಸಬೇಕು ಅನ್ಸುತ್ತೆ. ಟೆಸ್ಟ್ ಡೇಟಾಬೇಸ್‌ನಲ್ಲಿ ಮಾಡಿ ನೋಡ್ಲಾ?"

(ಲ್ಯಾಟಿನ್1, ಯುಟಿಎಫ್8ಎಂಬಿ4 ಅಂದರೆ ಅಕ್ಷರಗಳನ್ನು ಸೇವ್ ಮಾಡುವ ಕ್ಯಾರೆಕ್ಟರ್ ಸೆಟ್‌ಗಳು. ಮೊದಲನೆಯದರಲ್ಲಿ ಕನ್ನಡ ಅಕ್ಷರ ಇಲ್ಲ.) ಈ ಮೆಸೇಜ್ ಓದಿದ ಮೆಂಟರ್‌ಗೆ ಉತ್ತರ ಕೊಡೋಕೆ ಅರ್ಧ ನಿಮಿಷ ಸಾಕು. "ಮಾಡು, ಆದ್ರೆ ಹಳೇ ಹೆಸರುಗಳು ವಾಪಸ್ ಬರಲ್ಲ, ಅದಕ್ಕೆ ಏನು ಮಾಡ್ತೀಯಾ ಯೋಚನೆ ಮಾಡು." ನೋಡಿ, ಈಗ ಮಾತು ಇನ್ನೊಂದು ಮಟ್ಟಕ್ಕೆ ಹೋಯಿತು. ಪ್ರಶ್ನಾರ್ಥಕ ಚಿಹ್ನೆಯಾಗಿ ಸೇವ್ ಆದದ್ದು ಹೋದ ಹಾಗೇ, ಕ್ಯಾರೆಕ್ಟರ್ ಸೆಟ್ ಬದಲಿಸಿದರೂ ಅದು ಅಕ್ಷರ ಆಗಲ್ಲ. ಆ ಹೆಸರುಗಳನ್ನು ಪುಸ್ತಕ ನೋಡಿ ಮತ್ತೆ ಟೈಪ್ ಮಾಡಿಸಬೇಕು, ಅದಕ್ಕೆ ಅಂಗಡಿಯವರ ಹತ್ತಿರ ಮಾತಾಡಬೇಕು, ಎಷ್ಟು ಹೆಸರು ಹಾಳಾಗಿದೆ ಅಂತ ಲೆಕ್ಕ ತೆಗೆಯಬೇಕು. ತಾಂತ್ರಿಕ ಸಮಸ್ಯೆ ಅಂತ ಶುರುವಾದದ್ದು ಜನರ ಜೊತೆಗಿನ ಕೆಲಸವಾಗಿ ಮುಗಿಯುತ್ತದೆ. ವೃತ್ತಿ ಕೌಶಲ ಅಂತ ಎಲ್ಲರೂ ಹೇಳುವುದು ಇದನ್ನೇ.

ಏನಾಗಬೇಕಿತ್ತು, ಏನಾಯಿತು, ನೀವು ಏನೇನು ನೋಡಿದಿರಿ, ನಿಮ್ಮ ಊಹೆ ಏನು. ಈ ನಾಲ್ಕು ಇರಲಿ. ಎರರ್ ಮೆಸೇಜನ್ನು ಮೊಬೈಲಲ್ಲಿ ಫೋಟೊ ಹೊಡೆದು ಕಳಿಸಬೇಡಿ, ಕಾಪಿ ಮಾಡಿ ಪೂರ್ತಿ ಹಾಕಿ. ಎಷ್ಟೋ ಸಲ ಇದನ್ನು ಬರೆಯುತ್ತಾ ಇರುವಾಗಲೇ ಉತ್ತರ ನಿಮಗೇ ಹೊಳೆಯುತ್ತದೆ.

ರಿವ್ಯೂನಲ್ಲಿ ಏನು ನಡೆಯುತ್ತದೆ

ಚಳ್ಳಕೆರೆ ಕಡೆಯ ಒಬ್ಬ ಹುಡುಗಿ ನಮ್ಮಲ್ಲಿದ್ದಳು. ಮೆಕ್ಕೆಜೋಳದ ತೂಕ ಆದ ಕೂಡಲೇ ರೈತರಿಗೆ ಎಸ್‌ಎಂಎಸ್ ಹೋಗಬೇಕು, ಕನ್ನಡದಲ್ಲಿ. ಅವಳಿಗೆ ಕೊಟ್ಟ ಕೆಲಸ ಅದು. ಅವಳು ಬರೆದ ಮೆಸೇಜ್ ಹೀಗಿತ್ತು: "ನಿಮ್ಮ ಮೆಕ್ಕೆಜೋಳದ ಲಾಟ್ ತೂಕ ಆಗಿದೆ. ಒಟ್ಟು 24 ಕ್ವಿಂಟಲ್ 60 ಕೆಜಿ. ಪಟ್ಟಿ ಪಡೆಯಲು ಅಂಗಡಿಗೆ ಬನ್ನಿ." ಕೋಡ್ ಚೆನ್ನಾಗಿಯೇ ಇತ್ತು. ಮೆಸೇಜ್ ಹೋಗುತ್ತಿತ್ತು.

ರಿವ್ಯೂನಲ್ಲಿ, ಅಂದರೆ ಕೋಡ್ ಓದಿ ತಿದ್ದುವ ಹಂತದಲ್ಲಿ, ಮೆಂಟರ್ ಹಾಕಿದ್ದು ಒಂದೇ ಪ್ರಶ್ನೆ. "ಇದು ಎಷ್ಟು ಅಕ್ಷರ?"

ಅವಳು ಎಣಿಸಿದಳು. ಸ್ಪೇಸ್ ಎಲ್ಲ ಸೇರಿ ಐವತ್ತು ಚಿಲ್ಲರೆ. ಕನ್ನಡದಲ್ಲಿ ಒಂದು ಎಸ್‌ಎಂಎಸ್‌ಗೆ 70ರ ಮಿತಿ ಇದೆ ಅಂತ ಅವಳಿಗೆ ಗೊತ್ತಿತ್ತು, ಇಂಗ್ಲಿಷಿನ 160 ಕನ್ನಡಕ್ಕೆ ಸಿಗಲ್ಲ. ಹಾಗಾಗಿ ಸರಿ ಇದೆ ಅಂದಳು. "ಪ್ರೋಗ್ರಾಮ್‌ನಿಂದ ಎಣಿಸಿ ನೋಡು" ಅಂದರು. ಎಣಿಸಿದರೆ 87! ನಮ್ಮ ಕಣ್ಣಿಗೆ "ಮ್ಮ" ಒಂದು ಅಕ್ಷರ, ಯುನಿಕೋಡ್‌ಗೆ ಅದು ಮೂರು: ಮ, ವಿರಾಮ (ಒತ್ತಕ್ಷರ ಮಾಡುವ ್ ಗುರುತು), ಮ. "ಚಿತ್ರದುರ್ಗ" ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಹತ್ತು. 70 ದಾಟಿತು ಅಂದರೆ ಒಂದರ ಜಾಗದಲ್ಲಿ ಎರಡು ಎಸ್‌ಎಂಎಸ್‌ನ ದುಡ್ಡು ಹೋಗುತ್ತದೆ. ಸೀಸನ್‌ನಲ್ಲಿ ದಿನಕ್ಕೆ ಎಷ್ಟು ಲಾಟ್ ಬರುತ್ತವೆ ಅನ್ನೋದನ್ನು ಯಾರ್ಡಿಗೆ ಹೋದವರಿಗೆ ಹೇಳಬೇಕಿಲ್ಲ.

ಅವಳು ಕೊನೆಯ ವಾಕ್ಯ ತೆಗೆದಳು. 59ಕ್ಕೆ ಬಂತು. ಅಲ್ಲಿಗೆ ಮುಗಿಯಿತಾ? ಇಲ್ಲ. ನಮ್ಮ ದೇಶದಲ್ಲಿ ಕಂಪನಿಗಳು ಕಳಿಸುವ ಎಸ್‌ಎಂಎಸ್‌ನ ಮಾದರಿಯನ್ನು ಮೊದಲೇ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು, ಅದರಲ್ಲಿ ಇರುವ ಹಾಗೇ ಕಳಿಸಬೇಕು, ಹೊಂದದಿದ್ದರೆ ಮೆಸೇಜ್ ತಲುಪಲ್ಲ. ವಾಕ್ಯ ತೆಗೆದ ಮೇಲೆ ಹೊಸ ಮಾದರಿಗೆ ಮತ್ತೆ ಒಪ್ಪಿಗೆ ಬೇಕು. ಅದು ಬರುವವರೆಗೆ ಹಳೆಯದೇ ಓಡಬೇಕು. ಈ ಯೋಜನೆಯನ್ನೂ ಅವಳೇ ಬರೆದು ಮಾಲೀಕರಿಗೆ ಕನ್ನಡದಲ್ಲಿ ವಿವರಿಸಿ ಬಂದಳು.

ಮೆಂಟರ್ "70 ದಾಟಿದೆ, ಕೊನೆ ವಾಕ್ಯ ತೆಗಿ" ಅಂತ ಹೇಳಿಬಿಡಬಹುದಿತ್ತು. ಎರಡು ನಿಮಿಷದ ಕೆಲಸ. ಆದರೆ ಆಗ ಅವಳಿಗೆ ಆ ಒಂದು ಮೆಸೇಜ್ ಸರಿ ಮಾಡೋದು ಮಾತ್ರ ಗೊತ್ತಾಗುತ್ತಿತ್ತು. ಒಳ್ಳೆ ಮೆಂಟರ್ ಉತ್ತರ ಹೇಳದೆ ಪ್ರಶ್ನೆ ಹಾಕಿದರೆ ಬೇಜಾರು ಮಾಡಿಕೊಳ್ಳಬೇಡಿ, ಅವರು ತಮ್ಮ ಸಮಯವನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದಾರೆ.

ರಿವ್ಯೂ ಬಂದಾಗ ಇನ್ನು ಎರಡು ಮಾತು ನೆನಪಿಡಿ. ನಲವತ್ತು ಕಾಮೆಂಟ್ ಬಂದರೆ ನಿಮ್ಮನ್ನು ಬೈದ ಹಾಗಲ್ಲ, ಅದು ಕೋಡಿನ ಬಗ್ಗೆ. ಮತ್ತೆ, ಒಪ್ಪಿಗೆ ಆಗದಿದ್ದರೆ ಸುಮ್ನೆ ತಲೆ ಆಡಿಸಿ ಬದಲಿಸಬೇಡಿ. "ನಾನು ಹೀಗೆ ಮಾಡಿದ್ದು ಈ ಕಾರಣಕ್ಕೆ, ಇದರಲ್ಲಿ ತೊಂದರೆ ಏನು?" ಅಂತ ಕೇಳಿ. ಉದಾಹರಣೆಗೆ ರೂಪಾಯಿಯನ್ನು ಫ್ಲೋಟ್‌ನಲ್ಲಿ (ಸಂಖ್ಯೆಯನ್ನು ಅಂದಾಜಾಗಿ ಉಳಿಸುವ ಬಗೆ) ಇಡಬೇಡಿ ಅಂದಾಗ, ಯಾಕೆ ಅಂತ ಕೇಳಿದವರು 0.1ಕ್ಕೆ 0.2 ಕೂಡಿಸಿ ಪ್ರಿಂಟ್ ಮಾಡಿ, 0.30000000000000004 ಬಂದಿದ್ದನ್ನು ಕಣ್ಣಾರೆ ನೋಡಿ, ಮುಂದೆ ಎಲ್ಲಿ ಹೋದರೂ ದುಡ್ಡನ್ನು ಪೈಸೆಯ ಲೆಕ್ಕದಲ್ಲಿ ಅಥವಾ ನಿಖರವಾಗಿ ಉಳಿಸುವ ಡೆಸಿಮಲ್‌ನಲ್ಲಿ ಇಡುತ್ತಾರೆ. ಕೇಳದೆ ಬದಲಿಸಿದವರು ಮುಂದಿನ ಪ್ರಾಜೆಕ್ಟಿನಲ್ಲಿ ಮತ್ತೆ ಫ್ಲೋಟ್ ಹಾಕುತ್ತಾರೆ.

ದಿನಾ ಸಂಜೆ ಐದು ಸಾಲು

ಇವತ್ತು ಏನು ಮಾಡಿದೆ, ಎಲ್ಲಿ ನಿಂತಿದೆ, ನಾಳೆ ಏನು. ಐದು ಸಾಲು ಬರೆದು ಮೆಂಟರ್‌ಗೆ ಕಳಿಸಿ. ಕೇಳದಿದ್ದರೂ ಕಳಿಸಿ. ಕಾಲೇಜಿನ ಡೈರಿಗೂ ಇದೇ ಆಗುತ್ತದೆ, ಕೊನೆಯ ವಾರ ಕೂತು ನಾಲ್ಕು ತಿಂಗಳದ್ದನ್ನು ನೆನಪು ಮಾಡಿಕೊಂಡು ಬರೆಯುವ ಕಷ್ಟ ತಪ್ಪುತ್ತದೆ. ಕೆಲಸ ತಡವಾಗುತ್ತಿದ್ದರೆ ಡೆಡ್‌ಲೈನ್ ದಿನ ಹೇಳಬೇಡಿ, ತಡವಾಗಬಹುದು ಅನ್ನಿಸಿದ ದಿನವೇ ಹೇಳಿ.

ಇಂಗ್ಲಿಷಿನ ಭಯ

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಲ್ಲೇ ಕುಗ್ಗುತ್ತಾರೆ. ನೇರವಾಗಿ ಹೇಳುತ್ತೇನೆ, ಐಟಿಯಲ್ಲಿ ಓದೋಕೆ, ಬರೆಯೋಕೆ ಇಂಗ್ಲಿಷ್ ಬೇಕೇ ಬೇಕು. ಆದರೆ ಬೇಕಾಗಿರುವುದು ಚಿಕ್ಕ ಚಿಕ್ಕ ವಾಕ್ಯದ ಇಂಗ್ಲಿಷ್. ಕಮಿಟ್ ಮೆಸೇಜ್, ಟಿಕೆಟ್ ವಿವರ, ಇಮೇಲ್, ಇವು ದಿನಾ ಬರೆದರೆ ಎರಡು ಮೂರು ತಿಂಗಳಲ್ಲಿ ಕೈಗೆ ಬರುತ್ತದೆ. ಯೋಚನೆ ಕನ್ನಡದಲ್ಲೇ ಮಾಡಿ, ಮೆಂಟರ್ ಜೊತೆ ಕನ್ನಡದಲ್ಲೇ ಚರ್ಚೆ ಮಾಡಿ, ಆಮೇಲೆ ತೀರ್ಮಾನವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ವಾರಕ್ಕೊಮ್ಮೆ ಮೆಂಟರ್ ಎದುರು ಐದು ನಿಮಿಷ ಇಂಗ್ಲಿಷಿನಲ್ಲಿ ಡೆಮೊ ಕೊಡುತ್ತೀನಿ ಅಂತ ನೀವೇ ಕೇಳಿ. ತಡವರಿಸಿದರೂ ಪರವಾಗಿಲ್ಲ, ತಡವರಿಸೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ.

ಇನ್ನೊಂದು ಕಡೆ, ಗ್ರಾಹಕರ ಜೊತೆ ಕನ್ನಡದಲ್ಲಿ ಚೆನ್ನಾಗಿ ಮಾತಾಡೋದು ದೊಡ್ಡ ಕೌಶಲ. ಯಾರ್ಡಿನ ಗುಮಾಸ್ತರು "ನಿಮ್ ಸಾಫ್ಟ್‌ವೇರ್ ಸರಿ ಇಲ್ಲ" ಅಂತ ಫೋನ್ ಮಾಡಿದಾಗ, ಸಿಟ್ಟಾಗದೆ, ಯಾವ ಸ್ಕ್ರೀನು, ಯಾವ ಬಟನ್ ಒತ್ತಿದ್ರಿ, ಹಮಾಲಿ ಎಷ್ಟು ಹಾಕಿದ್ರಿ ಅಂತ ಒಂದೊಂದೇ ಕೇಳಿ ನಿಜವಾದ ತೊಂದರೆ ಹೊರಗೆ ತೆಗೆಯೋದನ್ನು ಯಾವ ಕೋರ್ಸೂ ಕಲಿಸಲ್ಲ. ಸಪೋರ್ಟ್ ಕಾಲ್ ಕೊಟ್ಟರೆ ಬೇಡ ಅನ್ನಬೇಡಿ. ಒಂದ್ಸಲ ಮೆಂಟರ್ ಜೊತೆ ಗಾಡಿ ಹತ್ತಿ ಅಂಗಡಿಗೇ ಹೋಗಿ, ನೀವು ಮಾಡಿದ ಸ್ಕ್ರೀನನ್ನು ಅವರು ಬಳಸೋದನ್ನು ಪಕ್ಕದಲ್ಲಿ ನಿಂತು ನೋಡಿ. ಮೌಸ್ ಮುಟ್ಟದೆ ಕೀಬೋರ್ಡಿನಲ್ಲೇ ಎಷ್ಟು ವೇಗವಾಗಿ ಎಂಟ್ರಿ ಮಾಡುತ್ತಾರೆ ಅಂತ ನೋಡಿದವರು, ಆಮೇಲೆ ಫಾರ್ಮ್ ಮಾಡುವ ರೀತಿಯನ್ನೇ ಬದಲಿಸುತ್ತಾರೆ.

ಎಐ ಮತ್ತು ಗುಟ್ಟು

ಎಐ ಟೂಲ್ ಬಳಸಿ, ಬೇಡ ಅನ್ನಲ್ಲ, ನಾವೂ ಬಳಸುತ್ತೇವೆ. ಆದರೆ ಅದು ಬರೆದ ಪ್ರತಿ ಸಾಲನ್ನೂ ನೀವು ವಿವರಿಸಬೇಕು. ವಿವರಿಸೋಕೆ ಆಗದ ಸಾಲನ್ನು ಕಮಿಟ್ ಮಾಡಬೇಡಿ. ಬೇಕಾದರೆ ಅದರ ಹತ್ತಿರ ಕೋಡ್ ಬರೆಸುವ ಬದಲು, ನೀವು ಬರೆದದ್ದರಲ್ಲಿ ತಪ್ಪು ಎಲ್ಲಿದೆ ಅಂತ ಕೇಳಿ.

ಗ್ರಾಹಕರ ಹೆಸರು, ಫೋನ್ ನಂಬರ್, ರೋಗಿಗಳ ರಿಪೋರ್ಟ್, ಪಾಸ್‌ವರ್ಡ್ ಇವನ್ನು ಯಾವ ಎಐಗೂ ಅಂಟಿಸಬೇಡಿ. ಕಂಪನಿ ಕೋಡನ್ನು ನಿಮ್ಮ ಸ್ವಂತ ಗಿಟ್‌ಹಬ್‌ಗೆ ಹಾಕಬೇಡಿ, ಪ್ರೈವೇಟ್ ಆಗಿಯೂ ಬೇಡ. ಬೇರೆಯವರ ವೈಯಕ್ತಿಕ ಮಾಹಿತಿ ಕಾಪಾಡೋಕೆ ಈಗ 2023ರ ಕಾಯ್ದೆ ಇದೆ, ಹುಡುಗಾಟ ಅಲ್ಲ.

ಮೆಂಟರ್‌ಗೆ ಟೈಮ್ ಇಲ್ಲದಿದ್ದರೆ

ಇದು ಆಗುತ್ತದೆ. ಮೊದಲ ವಾರ ಪ್ರೀತಿಯಿಂದ ಮಾತಾಡಿಸಿದವರು ಮೂರನೇ ವಾರ ಡೆಲಿವರಿ ಅಂತ ಮುಳುಗಿ ಹೋಗುತ್ತಾರೆ. ನೀವು ಖಾಲಿ ಕೂರುತ್ತೀರಿ. ಆಗ ಕಾಯುತ್ತಾ ಕೂರಬೇಡಿ. "ಸರ್, ವಾರಕ್ಕೆ ಎರಡು ಸಲ, ಬೆಳಿಗ್ಗೆ ಇಪ್ಪತ್ತು ನಿಮಿಷ ಕೊಡಿ, ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಬರ್ತೀನಿ" ಅಂತ ಕೇಳಿ. ಸಮಯ ನಿಗದಿ ಮಾಡಿ ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಮಧ್ಯದಲ್ಲಿ ಹಳೇ ಬಗ್ ಪಟ್ಟಿ ತೆಗೆದು, ಯಾರೂ ಮುಟ್ಟದ ಒಂದನ್ನು ಕೇಳಿ ತಗೊಳ್ಳಿ. ಟೆಸ್ಟ್ ಇಲ್ಲದ ಕೋಡಿಗೆ ಟೆಸ್ಟ್ ಬರೆಯಿರಿ, ಇಡೀ ವ್ಯವಸ್ಥೆ ಅರ್ಥ ಆಗೋಕೆ ಅದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ. ಎರಡು ಮೂರು ವಾರ ಹೀಗೆ ಕೇಳಿಯೂ ಏನೂ ಬದಲಾಗದಿದ್ದರೆ ಇಂಟರ್ನಲ್ ಗೈಡ್‌ಗೆ ಹೇಳಿ. ಚಾಡಿ ಹೇಳಿದ ಹಾಗಲ್ಲ ಅದು. ಇಂಟರ್ನಲ್ ಗೈಡ್ ಇರುವುದೇ ಅದಕ್ಕೆ.

ಅರ್ಧ ದಾರಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: "ನಾನು ನಾಳೆ ಇಲ್ಲಿ ಕೆಲಸಕ್ಕೆ ಸೇರೋದಾದ್ರೆ ನನ್ನಲ್ಲಿ ಏನು ಕಡಿಮೆ ಇದೆ?" ಉತ್ತರ ಕೇಳೋಕೆ ಸ್ವಲ್ಪ ಕಷ್ಟ ಆಗಬಹುದು. ಆದರೆ ಉಳಿದ ಎರಡು ತಿಂಗಳಿಗೆ ಅದೇ ನಿಮ್ಮ ಸಿಲಬಸ್.

ಕೊನೆಯ ಎರಡು ವಾರ

ಹೊಸ ಫೀಚರ್ ಶುರು ಮಾಡಬೇಡಿ. ನೀವು ಮಾಡಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸಿ. ಏನು ಮುಗಿದಿದೆ, ಏನು ಬಾಕಿ, ಎಲ್ಲಿ ತೊಂದರೆ ಬರಬಹುದು, ಎಲ್ಲ ಎರಡು ಪುಟದಲ್ಲಿ ಬರೆಯಿರಿ. ಸಾಧ್ಯವಾದರೆ ಹೊಸದಾಗಿ ಬಂದ ಇಂಟರ್ನ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಓದಿಸಿ, ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ.

ರಿಪೋರ್ಟಿನಲ್ಲಿ ಮೊದಲ ಮೂವತ್ತು ಪುಟ ಕಂಪನಿಯ ಇತಿಹಾಸ, ಜಾವಾ ಅಂದರೇನು, ಮೈಎಸ್‌ಕ್ಯೂಎಲ್ ಅಂದರೇನು ಅಂತ ತುಂಬಿಸಬೇಡಿ. ವೈವಾದಲ್ಲಿ ಕೂತಾಗ ಎದುರಿಗಿದ್ದವರು ಸಾಮಾನ್ಯವಾಗಿ ಕೇಳುವುದು, "ಇದರಲ್ಲಿ ನೀನು ಮಾಡಿದ್ದು ಯಾವುದು?" ಅಂತ. ಎರಡು ಕೆಲಸ ಆರಿಸಿಕೊಳ್ಳಿ. ಮೊದಲು ಹೇಗಿತ್ತು, ಏನು ತೊಂದರೆ, ಯಾವ ಯಾವ ದಾರಿ ಇತ್ತು, ಯಾಕೆ ಇದನ್ನು ಆರಿಸಿದಿರಿ, ರಿವ್ಯೂನಲ್ಲಿ ಏನು ಬದಲಾಯಿತು. ಆ ಎಸ್‌ಎಂಎಸ್ ಹುಡುಗಿ ರಿಪೋರ್ಟಿನಲ್ಲಿ 87 ಮತ್ತು 59ರ ಲೆಕ್ಕಕ್ಕೇ ಎರಡು ಪುಟ ಕೊಟ್ಟಿದ್ದಳು. ಮುಂದೆ ಕೆಲಸದ ಇಂಟರ್‌ವ್ಯೂನಲ್ಲೂ ಮಾತೆಲ್ಲ ಅದರ ಮೇಲೆಯೇ ನಡೆಯಿತು ಅಂತ ಫೋನ್ ಮಾಡಿ ಹೇಳಿದಳು.

ಹೊರಡುವ ಮುಂಚೆ ಮೆಂಟರ್ ಹತ್ತಿರ ಸರ್ಟಿಫಿಕೇಟ್ ಜೊತೆಗೆ ಇನ್ನೊಂದು ಕೇಳಿ, ನೀವು ಮಾಡಿದ ಕೆಲಸದ ಹೆಸರು ಹಾಕಿ ನಾಲ್ಕು ಸಾಲಿನ ಶಿಫಾರಸು ಪತ್ರ. ಅವರಿಗೆ ಬರೆಯೋಕೆ ಸುಲಭ ಆಗಲಿ ಅಂತ ನಿಮ್ಮ ಸಂಜೆಯ ಐದು ಸಾಲುಗಳಿಂದ ಮುಖ್ಯವಾದದ್ದನ್ನು ತೆಗೆದು ಕೊಡಿ. ಸಿಸ್ಟಮ್ ಪಾಸ್‌ವರ್ಡ್‌ಗಳು, ಆಫೀಸಿನ ಕೀಲಿ, ಲ್ಯಾಪ್‌ಟಾಪಿನಲ್ಲಿರುವ ಗ್ರಾಹಕರ ಡೇಟಾ ಎಲ್ಲ ವಾಪಸ್ ಕೊಟ್ಟು, ಅಳಿಸಿ, ಅಳಿಸಿದ್ದೇನೆ ಅಂತ ಒಂದು ಇಮೇಲ್ ಹಾಕಿ ಬನ್ನಿ.